ಶಿವರಾತ್ರಿ ಕಳೆದ ಮೇಲೆ ಹಿತ್ತಲ ಆರೈಕೆ



ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಈಗ ಆ ಕಾಲ. ರಾಗಿ ಕಣ ಮುಗಿದಿದೆ, ಅವರೆಕಾಯಿಯ ಸೊಗಡು ಕಳೆದಿದೆ, ಮಾವು ಹೂವಿನಿಂದ ಪಿಂದೆಗೆ ತಿರುಗಿದೆ, ಹೊಂಗೆ ಮರ ಎಲೆ ಉದುರಿಸಿ ಹೊಸ ಚಿಗುರು ಹೊದೆಯುತ್ತಿದೆ. ಹೊಲದ ಕೆಲಸ ಕೊಂಚ ಹಗುರವಾಗಿರುವ ಈ ದಿನಗಳಲ್ಲಿ ಮನೆಯ ಹಿಂದುಗಡೆಯ ಹಿತ್ತಲನ್ನು ಒಂದು ಸಲ ತಿರುಗಿ ನೋಡಿ ಎಂದು ಹೇಳುವುದಕ್ಕಾಗಿ ಈ ಹೊತ್ತು ತಮ್ಮ ಮುಂದೆ ಬಂದಿದ್ದೇನೆ.

ಹಿತ್ತಲು ಅಂದರೆ ಏನು ಮಹಾ, ಬೇಕಾದ್ದೆಲ್ಲ ಸಂತೆಯಲ್ಲಿ ಸಿಗುತ್ತಲ್ಲ ಅಂತ ಕೆಲವರು ಕೇಳಬಹುದು. ಸಿಗುತ್ತದೆ, ನಿಜ. ಆದರೆ ಸಂತೆಯಲ್ಲಿ ಸಿಗುವುದೆಲ್ಲ ನಮ್ಮ ಮನೆಯ ಮಡಕೆಗೆ ಬಂದು ಬೀಳುತ್ತದೆಯೆ ಎಂಬುದು ಬೇರೆ ಮಾತು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಆಹಾರ ಸೂಚಿಯಲ್ಲಿ ದೊಡ್ಡವರೊಬ್ಬರ ದಿನದ ಊಟದಲ್ಲಿ ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಇರಬೇಕೆಂದು ಹೇಳಿದ್ದಾರೆ. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಆಯಿತು. ಬೇಸಗೆಯಲ್ಲಿ ಬೆಲೆ ಏರಿದಾಗ ಎರಡು ಕಿಲೋ ತರಕಾರಿಯನ್ನು ದಿನದಿನವೂ ಕೊಂಡು ತರುವ ಮನೆ ನಮ್ಮ ಹಳ್ಳಿಗಳಲ್ಲಿ ಎಷ್ಟಿದ್ದಾವು? ಮುದ್ದೆಗೆ ಹುಳಿಸಾರು ಮಾಡಿ, ಇದ್ದ ನಾಲ್ಕು ಬದನೆಕಾಯಿ ಹೋಳನ್ನು ಗಂಡಸರಿಗೂ ಮಕ್ಕಳಿಗೂ ಬಡಿಸಿ, ಕಡೆಗೆ ಬರೀ ಸಾರಿನಲ್ಲಿ ಉಣ್ಣುವವಳು ಮನೆಯ ಹೆಂಗಸು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಹಿತ್ತಲೊಂದರಿಂದಲೇ ಇದು ವಾಸಿಯಾಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಬಾಗಿಲು ತೆಗೆದರೆ ಕೈಗೆ ಸಿಗುವ ನುಗ್ಗೆಸೊಪ್ಪು, ದಂಟಿನಸೊಪ್ಪು, ಅದರ ಮೇಲೆ ಹಿಂಡಿಕೊಳ್ಳಲು ಒಂದು ನಿಂಬೆಹಣ್ಣು ಇದ್ದ ಮನೆಗೂ ಇಲ್ಲದ ಮನೆಗೂ ವ್ಯತ್ಯಾಸ ಉಂಟು. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ನಿಂಬೆಯ ಹುಳಿ ನೆರವಾಗುತ್ತದೆ ಎಂಬುದನ್ನು ತಾಯಂದಿರು ನೆನಪಿನಲ್ಲಿಡಬೇಕು.

ಈಗ ಹಿತ್ತಲಿಗೆ ಹೋಗೋಣ. ಮೊದಲು ಕಣ್ಣಿಗೆ ಬೀಳುವುದು ಕಸ. ಚಳಿಗಾಲದಲ್ಲಿ ಬೆಳೆದು ಒಣಗಿದ ಕಳೆ, ಉದುರಿದ ಎಲೆ, ಮುರುಕಲು ಹಂಚು, ಕಟ್ಟಡಕ್ಕೆ ತಂದು ಉಳಿದ ಇಟ್ಟಿಗೆ. ಇದನ್ನೆಲ್ಲ ಗುಡಿಸಿ ಒಂದು ಬೆಂಕಿಕಡ್ಡಿ ಗೀಚಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ದಯವಿಟ್ಟು ಎಲೆಯನ್ನು ಸುಡಬೇಡಿ. ವರ್ಷದಲ್ಲಿ ಎಲೆ ಹೇರಳವಾಗಿ ಪುಕ್ಕಟೆ ಸಿಗುವುದು ಈ ತಿಂಗಳಲ್ಲಿಯೇ. ಅರ್ಧವನ್ನು ಗೊಬ್ಬರದ ಗುಂಡಿಗೆ ಹಾಕಿ, ಪದರ ಪದರವಾಗಿ ಸಗಣಿ ಬಗ್ಗಡ ಎರಚಿ, ಮೇಲೆ ಮಣ್ಣು ಮುಚ್ಚಿ. ಉಳಿದರ್ಧವನ್ನು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಟ್ಟುಕೊಳ್ಳಿ. ಗಿಡದ ಬುಡಕ್ಕೆ ಹೊದಿಸಲು ಅದು ಮುಂದಿನ ಮೂರು ತಿಂಗಳೂ ಬೇಕಾಗುತ್ತದೆ. ಕಾಂಗ್ರೆಸ್ ಕಳೆ ಅಂತ ನಾವು ಕರೆಯುವ ಪಾರ್ಥೇನಿಯಂ ಇದ್ದರೆ ಹೂ ಬಿಡುವ ಮುಂಚೆಯೇ ಬೇರುಸಹಿತ ಕಿತ್ತುಬಿಡಬೇಕು. ಕೈಗೆ ಚೀಲ ಕಟ್ಟಿಕೊಂಡು ಕೀಳಿ. ಕೆಲವರಿಗೆ ಅದು ತಗುಲಿದರೆ ಮೈ ನವೆಯಾಗಿ ದದ್ದು ಏಳುತ್ತದೆ. ಹೂ ಬಿಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಬೀಜ ಉಳಿದುಕೊಂಡು ಗೊಬ್ಬರದ ಜೊತೆಗೆ ಹೊಲಕ್ಕೆಲ್ಲ ಹೋಗುತ್ತದೆ.

ಹಿತ್ತಲಿನಲ್ಲಿ ಹಳೆಯ ಬದನೆಗಿಡ ನಿಂತಿರುತ್ತದೆ. ಕಾಯಿ ಸಣ್ಣದಾಗಿದೆ, ಎಲೆ ಒರಟಾಗಿದೆ ಎಂದು ಕಿತ್ತೊಗೆಯುವುದಕ್ಕೆ ಮುಂಚೆ ಬುಡ ಪರೀಕ್ಷೆ ಮಾಡಿ. ಬುಡ ಗಟ್ಟಿಯಾಗಿದ್ದು ಬೇರು ಆರೋಗ್ಯವಾಗಿದ್ದರೆ ನೆಲದಿಂದ ಒಂದು ಅಡಿ ಬಿಟ್ಟು ಮೇಲಿನದನ್ನು ಹರಿತವಾದ ಕುಡುಗೋಲಿನಿಂದ ಸವರಿಬಿಡಿ. ಎರಡು ಬೊಗಸೆ ಕೊಳೆತ ಗೊಬ್ಬರ ಕೊಟ್ಟು ನೀರು ಹಾಕಿದರೆ ಹೊಸ ಚಿಗುರು ಒಡೆದು ಮತ್ತೊಂದು ಬೆಳೆ ಕಾಯಿ ಕೊಡುತ್ತದೆ. ಆದರೆ ಗಿಡ ಹಸುರಾಗಿದ್ದಂತೆಯೇ ಇದ್ದಕ್ಕಿದ್ದ ಹಾಗೆ ಬಾಡಿ ಜೋತುಬಿದ್ದಿದ್ದರೆ ಅದು ಬೇರೆ ಕಥೆ. ಇದಕ್ಕೊಂದು ಸುಲಭ ಪರೀಕ್ಷೆ ಇದೆ, ಮಕ್ಕಳಿಗೂ ತೋರಿಸಬಹುದು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಅಡ್ಡಲಾಗಿ ಕತ್ತರಿಸಿ, ಒಂದು ಗೇಣು ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲ್ಲಾಡದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿದುಬಂದರೆ ಅದು ದುಂಡಾಣುವಿನಿಂದ ಬಂದ ಸೊರಗು ರೋಗ. ಈ ರೋಗ ಮಣ್ಣಿನಲ್ಲಿ ಉಳಿಯುತ್ತದೆ. ಗಿಡವನ್ನು ಬೇರಿನೊಡನೆ ಕಿತ್ತು ಸುಟ್ಟು, ಆ ಜಾಗದಲ್ಲಿ ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಆಲೂಗೆಡ್ಡೆ ಯಾವುದನ್ನೂ ಮರಳಿ ನೆಡಕೂಡದು. ಇವೆಲ್ಲ ಒಂದೇ ವಂಶದವು. ಅಣ್ಣನಿಗೆ ಬಂದ ಕಾಯಿಲೆ ತಮ್ಮನಿಗೂ ತಗುಲುತ್ತದೆ. ಅಲ್ಲಿ ಅಲಸಂದೆಯನ್ನೋ ಮುಸುಕಿನ ಜೋಳವನ್ನೋ ಹಾಕಿ. ಬದನೆ ಬೇಕೇ ಬೇಕು ಅನ್ನುವವರು ಬೇರೆ ಪಾತಿಯಲ್ಲಿ, ಈ ಸೊರಗು ರೋಗವನ್ನು ತಡೆಯುವ ಅರ್ಕಾ ಕೇಶವ, ಅರ್ಕಾ ನೀಲಕಂಠ ತಳಿಗಳನ್ನು ಹಾಕಿಕೊಳ್ಳಬಹುದು. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ ತಳಿಗಳಿವು.

ಮೊನ್ನೆ ಒಂದು ಊರಿನಲ್ಲಿ ಈ ಲೋಟದ ಪರೀಕ್ಷೆ ತೋರಿಸುತ್ತಿದ್ದಾಗ ಜಗುಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು, "ಅಲ್ಲ ಕಣಪ್ಪ, ಹಿತ್ತಲಿಗೂ ಆಫೀಸರು ಬಂದು ಪಾಠ ಹೇಳ್ಬೇಕಾ?" ಅಂದರು. "ಪಾಠ ಅಲ್ಲ ಅಜ್ಜಿ, ಈ ಊರಲ್ಲಿ ಕಲಿತದ್ದನ್ನ ಆ ಊರಲ್ಲಿ ಹೇಳ್ತೀನಿ ಅಷ್ಟೆ" ಅಂದೆ. ಆಗ ಅವರೇ ಎದ್ದು ಬಂದು ದಂಟಿನ ಬೀಜ ಚೆಲ್ಲುವ ರೀತಿಯನ್ನು ತೋರಿಸಿಕೊಟ್ಟರು. ಸೊಪ್ಪಿನ ಬೀಜ ಸಾಸಿವೆಗಿಂತ ಸಣ್ಣದು. ಬರಿಗೈಯಲ್ಲಿ ಚೆಲ್ಲಿದರೆ ಒಂದೆಡೆ ಗುಂಪಾಗಿ ಹುಟ್ಟಿ ಇನ್ನೊಂದೆಡೆ ಬೋಳಾಗುತ್ತದೆ. ಒಂದು ಹಿಡಿ ಬೀಜಕ್ಕೆ ನಾಲ್ಕೈದು ಹಿಡಿ ಜರಡಿ ಹಿಡಿದ ಮರಳು ಬೆರೆಸಿ, ಸಾಲಿನಲ್ಲಿ ಉದುರಿಸಿ, ಕೈಬೆರಳಿನಿಂದ ಮೇಲೆಮೇಲೆ ಮಣ್ಣಾಡಿಸಬೇಕು. ಪಾತಿಯ ಸುತ್ತ ಒಲೆಯ ಬೂದಿ ಎಳೆದರೆ ಇರುವೆ ಬೀಜ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ. ಮೊಳಕೆ ಬರುವ ತನಕ ಹುಲ್ಲು ಹೊದಿಸಿ ಮೇಲಿಂದ ನೀರು ಚಿಮುಕಿಸಿ. ಮೊಳಕೆ ಕಂಡ ಸಂಜೆಯೇ ಹುಲ್ಲು ತೆಗೆಯಿರಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಸೊಪ್ಪು ಕೊಯ್ಲಿಗೆ ಬರುತ್ತದೆ. ಎಲ್ಲ ಬೀಜವನ್ನೂ ಒಂದೇ ದಿನ ಚೆಲ್ಲದೆ ಹದಿನೈದು ದಿನಕ್ಕೊಂದು ಪಾತಿಯಂತೆ ಹಾಕಿದರೆ ಮುಂಗಾರಿನ ತನಕ ಸೊಪ್ಪು ತಪ್ಪುವುದಿಲ್ಲ. ಕಿತ್ತು ತರುವುದಕ್ಕಿಂತ ಕೊಯ್ದು ಮತ್ತೆ ಚಿಗುರಿಸುವ ಅರ್ಕಾ ಸುಗುಣದಂಥ ತಳಿ ಸಣ್ಣ ಹಿತ್ತಲಿಗೆ ಬಹಳ ಒಳ್ಳೆಯದು.

ಬೆಂಡೆ ಹಾಕಲು ಇದು ಸರಿಯಾದ ಹೊತ್ತು. ಬೀಜವನ್ನು ಒಂದು ರಾತ್ರಿ ನೆನೆಸಿ ಬಿತ್ತಿ. ಬೇಸಗೆ ಬೆಂಡೆಗೆ ಎಲೆಯ ನರ ಹಳದಿಯಾಗುವ ರೋಗದ ಕಾಟ ಇದೆ. ಬಿಳಿ ನೊಣ ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಹಳದಿಯಾದ ಗಿಡ ಕಂಡ ಕೂಡಲೇ ಕೀಳಿ, ಮರುಕಪಡಬೇಡಿ.

ಹೀರೆ, ಸೋರೆ, ಪಡವಲ, ಸೌತೆ, ಕುಂಬಳ ಇವುಗಳ ಬಳ್ಳಿಗೆ ಒಂದು ಗುಟ್ಟಿದೆ. "ಹೂವೇನೋ ರಾಶಿ ಬಿಡ್ತದೆ ಸ್ವಾಮಿ, ಪಿಂದೆ ಹಳದಿಯಾಗಿ ಉದುರಿಹೋಗ್ತದೆ" ಎಂಬ ದೂರನ್ನು ನಾನು ಪ್ರತಿ ವರ್ಷ ಕೇಳುತ್ತೇನೆ. ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಕೆಳಗೆ ಎಳೆಯ ಪಿಂದೆ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟದಿದ್ದರೆ ಪಿಂದೆ ಉಳಿಯುವುದಿಲ್ಲ. ಜೇನುನೊಣ ಕಡಮೆಯಾದ ಕಡೆ ಈ ಕೆಲಸವನ್ನು ನಾವೇ ಮಾಡಬೇಕಾಗುತ್ತದೆ. ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಹಿಂದಕ್ಕೆ ಮಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒರಸಿದರೆ ಸಾಕು. ಹೊತ್ತು ಮಾತ್ರ ತಿಳಿದಿರಬೇಕು. ಕುಂಬಳದ ಹೂ ಬೆಳಗಿನ ಜಾವಕ್ಕೆ ಅರಳುತ್ತದೆ; ಹೀರೆ, ಸೋರೆ ಇಳಿಹೊತ್ತಿನಲ್ಲಿ ಅರಳುತ್ತವೆ. ಹೀರೆ ಹೂವನ್ನು ಮಧ್ಯಾಹ್ನ ಹುಡುಕಿಕೊಂಡು ಹೋದರೆ ಪ್ರಯೋಜನವಿಲ್ಲ. ದನ ಕಟ್ಟಿ ದೀಪ ಹಚ್ಚುವ ಹೊತ್ತಿಗೆ ಹೋಗಬೇಕು.

ಕಾಯಿ ಡೊಂಕಾಗಿ, ಒಳಗೆ ಹುಳು ಬಿದ್ದು ಕೊಳೆತರೆ ಅದು ಹಣ್ಣುನೊಣದ ಕೆಲಸ. ಅಂಥ ಕಾಯನ್ನು ಬೇಲಿಯಾಚೆ ಎಸೆದರೆ ಹುಳು ಮಣ್ಣಿಗಿಳಿದು ನೊಣವಾಗಿ ಮರಳಿ ಬರುತ್ತದೆ. ಆಳವಾಗಿ ಹೂಳಿ. ಬುಡದ ಮಣ್ಣನ್ನು ಆಗಾಗ ಕೆದಕಿದರೆ ಒಳಗೆ ಅಡಗಿದ ಕೋಶಗಳು ಬಿಸಿಲಿಗೂ ಹಕ್ಕಿಗೂ ಸಿಗುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಲಕ್ಕೆ, ಹತ್ತಿಗೆ, ದಾಳಿಂಬೆಗೆ ತಂದ ಔಷಧ ಬಾಟಲಿಯ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ. ಹಾಳಾಗುವುದೇಕೆ ಎಂದು ಅದನ್ನು ಹಿತ್ತಲಿನ ಬದನೆಗೋ ಸೊಪ್ಪಿಗೋ ಹೊಡೆದುಬಿಡುವವರಿದ್ದಾರೆ. ಇದು ಬಹಳ ಅಪಾಯದ ಕೆಲಸ. ಸಂಜೆ ಹೊಡೆದದ್ದನ್ನು ಬೆಳಿಗ್ಗೆ ಕೊಯ್ದು ಮಕ್ಕಳಿಗೆ ಬಡಿಸುವ ಜಾಗ ಇದು, ಹೊಲವಲ್ಲ. ಮೋನೋಕ್ರೋಟೋಫಾಸ್ ಎಂಬ ಔಷಧವನ್ನು ತರಕಾರಿಗೆ ಬಳಸಕೂಡದೆಂದು ಸರ್ಕಾರ 2005ರಲ್ಲಿಯೇ ನಿಷೇಧ ಮಾಡಿತು. ಹಿತ್ತಲಿಗೆ ಬೇವಿನ ಬೀಜದ ಕಷಾಯ ಸಾಕು. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ತಿರುಳನ್ನು ಕುಟ್ಟಿ ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಂಡಿ ಸೋಸಿ, ಚಿಟಿಕೆ ಸಾಬೂನು ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ ಬೀಳುವಂತೆ ಸಿಂಪಡಿಸಿ. ಅಂದಂದಿನ ಕಷಾಯ ಅಂದಂದಿಗೇ ಮುಗಿಸಬೇಕು. ಕರಿಬೇವು, ನಿಂಬೆ ಗಿಡದ ಚಿಗುರು ತಿನ್ನುವ ದಪ್ಪ ಹಸುರು ಹುಳುವಿಗಂತೂ ಕಷಾಯವೂ ಬೇಡ, ಎರಡು ಕಡ್ಡಿ ಹಿಡಿದು ಆರಿಸಿಹಾಕಿದರೆ ಆಯಿತು. ಔಷಧದ ಖಾಲಿ ಡಬ್ಬಿಯಲ್ಲಿ ಹಿತ್ತಲ ಗಿಡಕ್ಕೆ ನೀರು ಹೊಯ್ಯುವುದೂ ಬೇಡ.

ಇನ್ನು ನೀರಿನ ವಿಚಾರ. ಶಿವರಾತ್ರಿಯಿಂದ ಮುಂಗಾರಿನ ತನಕ ಸುಮಾರು ನೂರು ದಿನ. ಕೊಳವೆಬಾವಿ ಇದ್ದವರಿಗೂ ಈ ನೂರು ದಿನ ಕಷ್ಟವೇ. ಆದ್ದರಿಂದ ನೀರಿಗೆ ತಕ್ಕಷ್ಟೇ ಹಿತ್ತಲು ಮಾಡಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಇದರಲ್ಲಿ ಕಾಲುಭಾಗವನ್ನು ಚೆನ್ನಾಗಿ ನೋಡಿಕೊಂಡರೂ ಒಣಗಿದ ಒಂದು ಗುಂಟೆಗಿಂತ ಮೇಲು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸೊಪ್ಪಿನ ಪಾತಿಗೆ ಹಾಕಿ. ಬಚ್ಚಲು ನೀರಿನಲ್ಲಿ ಸಾಬೂನು ಇರುವುದರಿಂದ ಅದು ಸೊಪ್ಪಿಗೆ ಬೇಡ. ಬಾಳೆ, ತೆಂಗು, ಕೆಸುವಿನ ಬುಡಕ್ಕೆ ಹರಿಯಲಿ. ಬಟ್ಟೆ ಒಗೆದ ಮೊದಲನೆಯ ನೊರೆನೀರನ್ನು ಮಾತ್ರ ಯಾವ ಗಿಡಕ್ಕೂ ಬಿಡಬೇಡಿ. ಸೋಡಾ ಸೇರಿ ಮಣ್ಣು ಬಿಳಿಚಿಕೊಂಡು ಬಿರುಸಾಗುತ್ತದೆ.

ನೀರು ತೀರ ಕಡಮೆ ಇರುವವರು ಮಡಕೆ ಹೂಳುವ ಕ್ರಮವನ್ನು ಮಾಡಿ ನೋಡಬೇಕು. ಕುಂಬಾರರ ಹತ್ತಿರ ಎಂಟು ಹತ್ತು ಲೀಟರ್ ಹಿಡಿಯುವ ಮಣ್ಣಿನ ಮಡಕೆ ತನ್ನಿ. ಬಣ್ಣ ಬಳಿದಿರಬಾರದು, ಮೆರುಗು ಕೊಟ್ಟಿರಬಾರದು. ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಹೂಳಿ ನೀರು ತುಂಬಿ. ಸುತ್ತ ನಾಲ್ಕೈದು ಬಳ್ಳಿ ಬೀಜ ಊರಿ. ಮಡಕೆಯ ಮೈಯಿಂದ ನೀರು ಒಸರುತ್ತದೆ, ಬೇರು ಅದನ್ನು ಹುಡುಕಿಕೊಂಡು ಬರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ಬಾಯಿಗೆ ಚಪ್ಪಡಿಯೋ ತೆಂಗಿನ ಚಿಪ್ಪೋ ಮುಚ್ಚಿರಬೇಕು. ಇಲ್ಲದಿದ್ದರೆ ನೀರು ಆರುವುದೂ ಉಂಟು, ಡೆಂಗಿ ಜ್ವರ ತರುವ ಸೊಳ್ಳೆ ಮೊಟ್ಟೆಯಿಡುವುದೂ ಉಂಟು.

ಬಚ್ಚಲ ಪಕ್ಕದ ಬಾಳೆ ಗುಂಪು ಎಷ್ಟೋ ಮನೆಗಳಲ್ಲಿ ಕಾಡಾಗಿ ನಿಂತಿರುತ್ತದೆ. ಗೊನೆ ಕೊಟ್ಟ ದಿಂಡನ್ನು ತೆಗೆದು, ಒಂದು ತಾಯಿ, ಒಂದು ಮಗಳು ಎಂಬ ಲೆಕ್ಕದಲ್ಲಿ ಎರಡನ್ನು ಮಾತ್ರ ಬಿಡಿ. ಹೊಸದಾಗಿ ನೆಡುವವರು ಕತ್ತಿಯಂತೆ ಕಿರಿದಾದ ಎಲೆಯ ಕಂದನ್ನು ಆರಿಸಬೇಕು. ಚಿಕ್ಕಂದಿನಲ್ಲೇ ಅಗಲ ಎಲೆ ಬಿಟ್ಟ ಕಂದು ನೋಡಲು ಚೆಂದ, ಗೊನೆಗೆ ಬಡವು. ಗೆಡ್ಡೆಯ ಬೇರು ಸವರಿ, ಹುಳು ಕೊರೆದ ತೂತಿದೆಯೇ ನೋಡಿ. ಯಾವ ಗುಂಪಿನಲ್ಲಿ ಎಲೆಗಳು ಚಿಕ್ಕದಾಗಿ, ನೆಟ್ಟಗೆ, ತುದಿಯಲ್ಲಿ ಗೊಂಚಲು ಕಟ್ಟಿದಂತೆ ನಿಂತಿವೆಯೋ ಅಲ್ಲಿಂದ, ನೆಂಟರು ಪ್ರೀತಿಯಿಂದ ಕೊಟ್ಟರೂ ಕಂದು ತರಬೇಡಿ. ಅದು ನಂಜು ರೋಗ. ಕಂದಿನ ಜೊತೆಯಲ್ಲೇ ನಿಮ್ಮ ಮನೆಗೆ ಬರುತ್ತದೆ, ಆಮೇಲೆ ಸಣ್ಣ ಹೇನು ಅದನ್ನು ಸುತ್ತಣ ಬಾಳೆಗೆಲ್ಲ ಹರಡುತ್ತದೆ. ಔಷಧವಿಲ್ಲ, ಗೆಡ್ಡೆ ಸಮೇತ ಅಗೆದು ನಾಶಮಾಡುವುದೊಂದೇ ದಾರಿ.

ನುಗ್ಗೆ ಇಲ್ಲದ ಹಿತ್ತಲು ಇರಬಾರದು. ಮನೆಯಲ್ಲಿರುವ ಮರಕ್ಕೆ ಕಾಯಿ ಮುಗಿದ ಮೇಲೆ ಕೊಂಬೆ ಸವರಿ. ಕಡಿದ ಕೊಂಬೆಯಲ್ಲಿ ಮಣಿಕಟ್ಟಿನ ದಪ್ಪದ, ಮೂರು ನಾಲ್ಕು ಅಡಿ ಉದ್ದದ ತುಂಡನ್ನು ಆರಿಸಿ, ಮೇಲ್ತುದಿಗೆ ಸಗಣಿ ಮೆತ್ತಿ, ಒಂದು ಮೊಳ ಆಳಕ್ಕೆ ನೆಟ್ಟರೆ ಬೇರು ಬಿಡುತ್ತದೆ. ನೀರು ನಿಲ್ಲುವ ಜಾಗ ಬೇಡ. ಬೀಜದಿಂದ ಬೆಳೆಸುವವರಿಗೆ ತಮಿಳುನಾಡಿನ ಪೆರಿಯಕುಳಂನ ಪಿ.ಕೆ.ಎಂ.-1, ನಮ್ಮ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಭಾಗ್ಯ ಎಂಬ ತಳಿಗಳಿವೆ. ಸಸಿ ಎದೆಮಟ್ಟ ಬರುವ ಮುಂಚೆ ತುದಿ ಚಿವುಟಿದರೆ ಕೊಂಬೆ ಒಡೆದು ಸೊಪ್ಪು ಕೈಗೆಟಕುತ್ತದೆ. ಎತ್ತರಕ್ಕೆ ಬಿಟ್ಟು ಮಕ್ಕಳನ್ನು ಹತ್ತಿಸುವುದು ಸಲ್ಲದು, ನುಗ್ಗೆ ಕೊಂಬೆ ಬಲು ಪೆಳಸು.

ಕಡೆಯದಾಗಿ ಗರಿಕೆ. ಪೇಟೆಯವರು ಹುಲ್ಲುಹಾಸು ಎನ್ನುತ್ತಾರೆ, ಲಾಲ್‌ಬಾಗಿನಲ್ಲಿ ನೋಡಿದ್ದೀರಿ. ರೈತನ ಮನೆಗೆ ಶೋಕಿಯ ಹುಲ್ಲು ಬೇಕಿಲ್ಲ. ಆದರೆ ತೊಟ್ಟಿಯ ಸುತ್ತ, ಬಾಗಿಲ ಮುಂದಿನ ಇಳಿಜಾರಿನಲ್ಲಿ ಹತ್ತು ಮಾರು ಗರಿಕೆ ಇದ್ದರೆ ಧೂಳು ಏಳುವುದಿಲ್ಲ, ಮಳೆಗೆ ಮಣ್ಣು ಕೊಚ್ಚಿಹೋಗುವುದಿಲ್ಲ, ಕರುವಿಗೊಂದು ಬಾಯಿ ಮೇವು, ಗೌರಿ ಗಣೇಶನ ಹಬ್ಬಕ್ಕೆ ಕಟ್ಟು ಗರಿಕೆ. ಚಳಿಗೆ ಕಂದಿದ ಗರಿಕೆಯನ್ನು ಈಗ ಎರಡು ಬೆರಳು ಎತ್ತರಕ್ಕೆ ಕೊಯ್ದು, ಒಣಹುಲ್ಲನ್ನು ಕೆರೆದು ತೆಗೆದು, ಜರಡಿ ಹಿಡಿದ ಮಣ್ಣು ಗೊಬ್ಬರ ತೆಳುವಾಗಿ ಉದುರಿಸಿ ನೀರು ಹಾಕಿ. ಬೋಳಾದ ಕಡೆ ಎರಡು ಮೂರು ಗಿಣ್ಣಿರುವ ತುಂಡುಗಳನ್ನು ನಾಲ್ಕು ನಾಲ್ಕು ಬೆರಳು ಅಂತರದಲ್ಲಿ ಊರಿ ಕಾಲಿನಿಂದ ಅದುಮಿ. ಮರದ ನೆರಳಿನಲ್ಲಿ ಊರಬೇಡಿ, ಗರಿಕೆಗೆ ಬಿಸಿಲೇ ಬೇಕು. ಕೊನ್ನಾರಿ ಗೆಡ್ಡೆ ಕಂಡರೆ ಎಲೆ ಕೊಯ್ದು ಫಲವಿಲ್ಲ, ಮೆಟ್ಟುಗೋಲಿನಿಂದ ಗೆಡ್ಡೆ ಎಬ್ಬಿಸಬೇಕು. ಕಿತ್ತ ಗರಿಕೆಯನ್ನು ತಿಪ್ಪೆಗೆ ಹಾಕದೆ ಬಂಡೆಯ ಮೇಲೆ ಒಣಗಿಸಿ. ತಿಪ್ಪೆಯಿಂದ ಹೊಲಕ್ಕೆ ಹೋದರೆ ರಾಗಿ ಸಾಲಿನಲ್ಲಿ ಅದನ್ನು ಕೀಳುವವರು ನೀವೇ.

ಗಂಡಸರಲ್ಲಿ ಒಂದು ಬಿನ್ನಹ. ಹಿತ್ತಲು ಹೆಂಗಸರ ಪಾಡು ಅಂತ ಕೈಬಿಡಬೇಡಿ. ಬಾಳೆಗುಂಡಿ ತೋಡುವುದು, ಮಡಕೆ ಹೂಳುವುದು, ಚಪ್ಪರಕ್ಕೆ ಗಳ ನಿಲ್ಲಿಸುವುದು, ಕೋಳಿ ಕೆದರದಂತೆ ಹಳೆ ಸೀರೆಯನ್ನೋ ಮುಳ್ಳುಕೊಂಬೆಯನ್ನೋ ಸುತ್ತ ಕಟ್ಟುವುದು, ಇದೆಲ್ಲ ಎರಡು ದಿನದ ಕೆಲಸ. ಯುಗಾದಿಗೆ ಮುಂಚೆ ಮುಗಿಸಿಕೊಡಿ. ಬೀಜ, ಸಸಿ ಬೇಕಾದವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಬಾಡಿದ ಗಿಡ ಯಾವುದಾದರೂ ಇದ್ದರೆ ಎಲೆಯೊಂದನ್ನೇ ಕಿತ್ತು ತರಬೇಡಿ, ಬೇರು ಮಣ್ಣಿನ ಸಮೇತ ಚೀಲದಲ್ಲಿ ಹಾಕಿಕೊಂಡು ಬನ್ನಿ.